ಸೇಬಿಗೆ ಪೈ ಯಾಕೆ, ಗುಳಂಬ ಇಲ್ವಾ?

ಚೌತಿಯಿಂದ ದೀಪಾವಳಿವರೆಗೆ ನಮ್ಮ ಹುಬ್ಬಳ್ಳಿ ಕಡೆ ಸೇಬು ಕೊಳ್ಳುವ ಅಗತ್ಯವೇ ಇಲ್ಲ. ತಾನಾಗಿಯೇ ಬಂದು ಬೀಳುತ್ತದೆ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂದವರು ತರುತ್ತಾರೆ. ಲಕ್ಷ್ಮೀ ಪೂಜೆಗೆ ಅಂಗಡಿಗೆ ಹೋದರೆ ಕೈಗಿಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಯಿತೆಂದರೆ ಮುಗೀತು, ನೋಡೋಕೆ ಬಂದವರೆಲ್ಲರ ಕೈಯಲ್ಲೂ ಅದೇ ಕ್ಯಾರಿಬ್ಯಾಗ್, ಅದೇ ಒಂದು ಕಿಲೋ. ಹಿಮಾಚಲದ ಮಾಲು ಜುಲೈ ಕೊನೆಯಿಂದ, ಕಾಶ್ಮೀರದ್ದು ಸೆಪ್ಟೆಂಬರ್‌ನಿಂದ ಅಮರಗೋಳದ ಎಪಿಎಂಸಿಗೆ ಬಂದಿಳಿಯುವುದೂ ಅದೇ ಹೊತ್ತಿಗೆ.

ಬಂದ ಸೇಬು ಎಲ್ಲಿ ಹೋಗುತ್ತದೆ? ಟೇಬಲ್ ಮೇಲಿನ ಬುಟ್ಟಿಗೆ. ಅಲ್ಲಿ ಶೋಗೆ ಕೂರುತ್ತದೆ. ಮಕ್ಕಳು ಅದನ್ನು ದಾಟಿ ಹೋಗಿ ಬಿಸ್ಕೆಟ್ ಡಬ್ಬಿ ತೆಗೀತಾರೆ. ಒಂದೆರಡು ವಾರಕ್ಕೆ ಸಿಪ್ಪೆ ಸುಕ್ಕಾಗಿ, ಒಳಗೆ ರವೆ ರವೆಯಾಗಿ, ಕೊನೆಗೆ ಕಸದ ಗಾಡಿಗೆ. ನನಗೆ ಇದನ್ನು ಕಂಡರೆ ಆಗುವುದೇ ಇಲ್ಲ. ಬಾಳೆಹಣ್ಣು ಜಾಸ್ತಿಯಾದರೆ ಶಿಕರಣಿ ಮಾಡುತ್ತೇವೆ, ಮಾವಿನಕಾಯಿ ಬಂದರೆ ಉಪ್ಪಿನಕಾಯಿ ಹಾಕುತ್ತೇವೆ. ಸೇಬು ಮಾತ್ರ ಹೆಚ್ಚಿ ತಿನ್ನೋಕೆ, ಇಲ್ಲವೇ ಪೇಷಂಟ್‌ಗೆ. ಯಾಕೆ?

ಈಗಿನ ಹುಡುಗಿಯರು ಒಂದು ದಾರಿ ಹುಡುಕಿದ್ದಾರೆ. ಯೂಟ್ಯೂಬ್ ನೋಡಿ ಆಪಲ್ ಪೈ, ಅಂದರೆ ಹಿಟ್ಟಿನ ಹೊದಿಕೆಯೊಳಗೆ ಸೇಬು ತುಂಬಿ ಬೇಯಿಸುವ ತಿಂಡಿ. ಮಾಡಲಿ, ಬೇಡ ಅನ್ನೋದಿಲ್ಲ. ಆದರೆ ಅದು ಸಪ್ಪೆಯಾದಾಗ ತಮ್ಮ ಕೈಗುಣವನ್ನೇ ಬೈದುಕೊಳ್ಳುತ್ತಾರಲ್ಲ, ಅದು ಸರಿಯಲ್ಲ. ತಪ್ಪು ಹಣ್ಣಿನದು. ನಮಗೆ ಸಿಗುವುದು ಹೆಚ್ಚಾಗಿ ಡೆಲಿಷಸ್ ಜಾತಿಯ ಸೇಬು. ಅಮೆರಿಕದಿಂದ ಬಂದು ಶಿಮ್ಲಾ ಹತ್ತಿರದ ಕೋಟಗಢದಲ್ಲಿ ನೆಲೆ ನಿಂತ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರ ಸುಮಾರಿಗೆ ಅಲ್ಲಿ ನೆಟ್ಟ ಜಾತಿ ಅದು. ಕೆಂಪು, ಸಿಹಿ, ನೋಡೋಕೆ ಚೆಂದ. ಹುಳಿ ಮಾತ್ರ ತೀರಾ ಕಡಿಮೆ, ಬೆಂದರೆ ಮೆತ್ತಗಾಗಿ ಹೋಗುತ್ತದೆ. ಪೈಗೆ ಬೇಕಾಗಿರುವುದು ಹುಳಿ ಇರುವ, ಬೆಂದರೂ ಹೋಳು ಹೋಳಾಗಿ ನಿಲ್ಲುವ ಸೇಬು. ಆ ಹಸಿರು ಗ್ರ್ಯಾನಿ ಸ್ಮಿತ್ ಇದೆಯಲ್ಲ, ಅಂಥದ್ದು. ಮನೆಯಲ್ಲಿ ಪುಕ್ಕಟೆ ಬಂದ ಸೇಬು ರಾಶಿ ಬಿದ್ದಿರುವಾಗ ದುಡ್ಡು ಕೊಟ್ಟು ಬೇರೆ ಸೇಬು ತರೋದು ಯಾವ ಲೆಕ್ಕ?

ಮೆತ್ತಗಾಗುವ ಸಿಹಿ ಹಣ್ಣಿಗೆ ನಮ್ಮಲ್ಲೇ ದಾರಿ ಇದೆ. ಗುಳಂಬ. ತುರಿದು ಬೆಲ್ಲದಲ್ಲಿ ಕುದಿಸಿ ಗಟ್ಟಿ ಮಾಡುವ, ಜಾಮ್‌ನಂಥದ್ದು. ಮಾವಿನಕಾಯಿಗೆ ಮಾಡುತ್ತೇವಲ್ಲ, ಅದೇ. ಮಾವಿನಕಾಯಿಗೆ ತನ್ನದೇ ಹುಳಿ ಇರುವುದರಿಂದ ಬೆಲ್ಲ ಸರಿಸಮ ಬೀಳುತ್ತದೆ. ಸೇಬಿಗೆ ಅಷ್ಟು ಬೇಡ. ಒಂದು ಕಿಲೋ ತುರಿಗೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ಬೆಲ್ಲ, ಎರಡು ನಿಂಬೆಹಣ್ಣಿನ ರಸ. ಸಿಪ್ಪೆ ತೆಗೆಯಬೇಡಿ. ಹಣ್ಣು ಗಟ್ಟಿಯಾಗಿಸುವ ಪೆಕ್ಟಿನ್ ಇರುವುದು ಅದರಲ್ಲೇ ಜಾಸ್ತಿ. ಬೀಜ ಮಾತ್ರ ಬಿಡಬೇಡಿ, ತೆಗೆದುಬಿಡಿ.

ದಪ್ಪ ತಳದ ಪಾತ್ರೆ, ಒಂದು ಚಮಚ ತುಪ್ಪ. ಮೊದಲು ಬರೀ ತುರಿ ಹಾಕಿ ನೀರು ಆರುವವರೆಗೆ ಕೈಯಾಡಿಸಬೇಕು. ಸೇಬಿನಲ್ಲಿ ನೂರಕ್ಕೆ 85 ಪಾಲು ನೀರೇ ಇರುವುದರಿಂದ ಇಲ್ಲಿ ಅವಸರ ಮಾಡಿದರೆ ಮುಂದೆ ಕಷ್ಟ. ಆಮೇಲೆ ಬೆಲ್ಲ, ನಿಂಬೆರಸ. ಬೆಲ್ಲ ಬಿದ್ದ ಕೂಡಲೇ ಎಲ್ಲ ಮತ್ತೆ ನೀರಾಗುತ್ತದೆ, ಹೆದರಬೇಡಿ. ಮೊದಮೊದಲು ಸಣ್ಣ ನೊರೆ, ಚಟಪಟ ಸದ್ದು. ಬರಬರುತ್ತಾ ಗುಳ್ಳೆ ದೊಡ್ಡದಾಗಿ, ನಿಧಾನಕ್ಕೆ ಬುಳಕ್ ಬುಳಕ್ ಅನ್ನುತ್ತದೆ. ಬಣ್ಣ ಕಂದಾಗುತ್ತದೆ. ತಟ್ಟೆ ಮೇಲೆ ಒಂದು ಹನಿ ಬಿಟ್ಟು ತಟ್ಟೆ ಓರೆ ಮಾಡಿ, ಹರಿಯದೆ ನಿಂತರೆ ಇಳಿಸಿ. ಏಲಕ್ಕಿ, ಎರಡು ಲವಂಗ ಕೊನೆಗೆ. (ಯಾರಿಗೋ ಸನ್ಮಾನ ಮಾಡಿದ ಹಾವೇರಿಯ ಏಲಕ್ಕಿ ಹಾರ ಮನೆಯ ಮೊಳೆಗೆ ನೇತಾಡುತ್ತಿರುತ್ತದಲ್ಲ, ಅದರಿಂದ ಮಾತ್ರ ಕೀಳಬೇಡಿ. ಧೂಳು!) ಬೆಲ್ಲ ಕಡಿಮೆ ಇರುವುದರಿಂದ ಇದು ಮಾವಿನಕಾಯಿ ಗುಳಂಬದ ಹಾಗೆ ವರ್ಷಗಟ್ಟಲೆ ಬಾಳುವುದಿಲ್ಲ. ಫ್ರಿಜ್‌ನಲ್ಲಿಡಿ, ಎರಡು ಮೂರು ವಾರದಲ್ಲಿ ಖಾಲಿ ಮಾಡಿ. ಬಿಸಿ ಚಪಾತಿ ಜೊತೆ ಕೊಟ್ಟರೆ ಅಷ್ಟು ದಿನ ಉಳಿಯುವುದೂ ಇಲ್ಲ ಬಿಡಿ.

ನಮ್ಮ ಓಣಿಯ ಅಜ್ಜಿಯೊಬ್ಬರು ಮೊದಲ ಸಲ ನೋಡಿದಾಗ "ಎಂಥಾ ಚಲೋ ಹಣ್ಣ ಕೆಡಸಾಕತ್ತೀಯಲ್ಲವಾ" ಅಂದಿದ್ದರು. ಈಗ ಖಾಲಿ ಬಾಟ್ಲಿ ಕಳಿಸುತ್ತಾರೆ.

ಖಾರ ಬೇಕೆಂದರೆ ತೊಕ್ಕು. ಇನ್ನೂ ಗಟ್ಟಿ ಇರುವ ಸೇಬು, ಸಾಸಿವೆ, ಇಂಗು, ಹುರಿದ ಮೆಂತ್ಯ, ಬ್ಯಾಡಗಿ ಮೆಣಸಿನಪುಡಿ. ಬ್ಯಾಡಗಿಯೇ ಆಗಬೇಕು. ಅದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ, ಸೇಬಿನ ಸಿಹಿಯನ್ನು ಹೊಡೆದು ಹಾಕುವುದಿಲ್ಲ. ಹುಳಿಗೆ ನಿಂಬೆ. ರೊಟ್ಟಿ ಜೊತೆ ಹೊಂದುತ್ತದೆ. ಇದರ ಬಗ್ಗೆ ಹೆಚ್ಚು ಹೇಳೋದೇನೂ ಇಲ್ಲ.

ಬೇಕಿಂಗ್ ಮಾಡಲೇಬೇಕು ಅನ್ನುವವರು ಪೈ ಬಿಟ್ಟು ಕೇಕ್ ಹಿಡಿಯಿರಿ. ಮೊಟ್ಟೆ ಒಲ್ಲದ ಮನೆಗಳಿಗೆ ಇದು ವರ. ಬೇಯಿಸಿ ನುಣ್ಣಗೆ ಮಾಡಿದ ಸೇಬು ಕಾಲು ಕಪ್ ಹಾಕಿದರೆ ಒಂದು ಮೊಟ್ಟೆಯ ಜಾಗ ತುಂಬುತ್ತದೆ, ಕೇಕ್ ಒಣಗುವುದಿಲ್ಲ. ಮೈದಾ ಬದಲು ಗೋಧಿಹಿಟ್ಟು, ಸಕ್ಕರೆ ಬದಲು ಬೆಲ್ಲ ಹಾಕಿದರೂ ನಡೆಯುತ್ತದೆ. ಹಾಲು ಮಾತ್ರ ಕೈ ಹಿಡಿದು ಹಾಕಿ. ಓವನ್ ಇಲ್ಲದಿದ್ದರೆ ಕುಕ್ಕರ್ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು, ಸಣ್ಣ ಉರಿಯಲ್ಲಿಡಿ. ಕರೆಂಟ್ ಹೋದರೂ ಚಿಂತೆ ಇಲ್ಲ.

ಏನೂ ಮಾಡೋಕೆ ಪುರುಸೊತ್ತಿಲ್ಲ ಅನ್ನುವವರು ಕೊನೇಪಕ್ಷ ಬುಟ್ಟಿಯಿಂದ ತೆಗೆದು ಫ್ರಿಜ್‌ಗಾದರೂ ಹಾಕಿ. ಸೇಬು ಬಿಡುವ ಎಥಿಲೀನ್ ಗಾಳಿಗೆ ಪಕ್ಕದ ಬಾಳೆಹಣ್ಣೂ ಬೇಗ ಕಪ್ಪಾಗುತ್ತದೆ. ಕಲ್ಲಿನಂಥ ಚಿಕ್ಕು ಮನೆಯಲ್ಲಿದ್ದರೆ ಒಂದು ಸೇಬು ಅದರ ಚೀಲದಲ್ಲಿ ಇಟ್ಟು ನೋಡಿ, ಬೇಗ ಹಣ್ಣಾಗುತ್ತದೆ.

ಇನ್ನು ಪೇಷಂಟ್ ನೋಡೋಕೆ ಬರುವವರಿಗೆ ಒಂದು ಮಾತು. ಬರ್ತಾ ದಾರಿಯಲ್ಲಿ ಧಾರವಾಡ ರಸ್ತೆಯ ನವಲೂರಿನ ಪೇರಲ ಸಿಗುತ್ತದೆ. ಒಂದು ಸಲ ಅದನ್ನೂ ತನ್ನಿ ಮಾರಾಯ್ರೆ. ಸೇಬಿನ ಜೊತೆ ಬೇಯಿಸಿ ಸೋಸಿದರೆ ಎಷ್ಟು ಒಳ್ಳೆ ಜೆಲ್ಲಿ ಆಗುತ್ತದೆ ಗೊತ್ತಾ? ನಿಮಗೂ ಒಂದು ಬಾಟ್ಲಿ ಕೊಟ್ಟು ಕಳಿಸುತ್ತೇನೆ.