ಜೂಜಿನ ಯಂತ್ರಗಳಿಗೆ ಸರ್ಕಾರ ಪರವಾನಗಿ ಕೊಡಬೇಕೇ?

ಪರ

ಜೂಜಿನ ಯಂತ್ರದ ಮುಂದೆ ಕುಳಿತವರಿಗೆ ಕಾಣುವುದು ತಿರುಗುವ ಚಿತ್ರಗಳು ಮಾತ್ರ; ಸೋಲು ಗೆಲುವು ತೀರ್ಮಾನವಾಗುವುದು ಒಳಗಿನ ತಂತ್ರಾಂಶ ಆರಿಸುವ ಸಂಖ್ಯೆಯಿಂದ. ಇಸ್ಪೀಟಿನ ಕೈಚಳಕವನ್ನು ಕಣ್ಣಿಟ್ಟು ನೋಡುವವರು ಹಿಡಿದಾರು. ಆದರೆ ಹಾಕಿದ ಹಣದಲ್ಲಿ ಎಷ್ಟು ಪಾಲನ್ನು ಮರಳಿಸುವಂತೆ ಯಂತ್ರವನ್ನು ಹೊಂದಿಸಲಾಗಿದೆ ಎಂಬುದು ಎಷ್ಟು ಆಡಿದರೂ ಆಟಗಾರನಿಗೆ ತಿಳಿಯುವುದಿಲ್ಲ. ಆದ್ದರಿಂದ ಅದನ್ನು ಬಿಚ್ಚಿ ಪರೀಕ್ಷಿಸುವ ಅಧಿಕಾರ ಸಾರ್ವಜನಿಕ ಸಂಸ್ಥೆಯೊಂದಕ್ಕೆ ಇರಲೇಬೇಕು. 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿದ ಅಮೆರಿಕದ ನೆವಾಡಾ ರಾಜ್ಯ 1955ರಲ್ಲಿ ನಿಯಂತ್ರಣ ಮಂಡಳಿಯನ್ನು ಸ್ಥಾಪಿಸಿತು. ಅಲ್ಲಿನ ನಿಯಮದ ಪ್ರಕಾರ ಯಂತ್ರದ ಸೈದ್ಧಾಂತಿಕ ಮರುಪಾವತಿ, ಅಂದರೆ ದೀರ್ಘಕಾಲದಲ್ಲಿ ಅದು ಸರಾಸರಿ ಮರಳಿಸುವ ಪಾಲು, ಶೇಕಡಾ 75ಕ್ಕಿಂತ ಕಡಿಮೆ ಇರುವಂತಿಲ್ಲ.

ಪರವಾನಗಿ ಕೊಟ್ಟ ಸರ್ಕಾರ ಷರತ್ತನ್ನು ಬಿಗಿಗೊಳಿಸಲೂ ಬಲ್ಲದು. ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳ ಯಂತ್ರಗಳಲ್ಲಿ 20 ಸೆಕೆಂಡಿಗೊಮ್ಮೆ 100 ಪೌಂಡ್‌ವರೆಗೆ ಪಣ ಕಟ್ಟಬಹುದಾಗಿತ್ತು. 2019ರ ಏಪ್ರಿಲ್‌ನಲ್ಲಿ ಆ ಮಿತಿ 2 ಪೌಂಡಿಗೆ ಇಳಿಯಿತು. ಕದ್ದುಮುಚ್ಚಿ ನಡೆಯುವ ಜೂಜಿನ ಅಡ್ಡೆಗಳಲ್ಲಿ ಇಂಥ ಆದೇಶಕ್ಕೆ ಬೆಲೆಯಿಲ್ಲ, ಬಂದವರ ವಯಸ್ಸು ಕೇಳುವವರೂ ಇಲ್ಲ.

ವಿರೋಧ

ಪರೀಕ್ಷೆಯಲ್ಲಿ ಪಾಸಾದ ಯಂತ್ರ ಮೋಸ ಮಾಡದಿರಬಹುದು. ಆದರೆ ಮನೆಗಳನ್ನು ಮುರಿಯುತ್ತಿರುವುದು ಮೋಸದ ಯಂತ್ರಗಳಷ್ಟೇ ಅಲ್ಲ, ನಿಯಮದಂತೆ ಓಡುವ ಯಂತ್ರಗಳೂ ಹೌದು. ಶೇಕಡಾ 90 ಮರಳಿಸುವ ಯಂತ್ರದಲ್ಲೂ ಆಟಗಾರ ಬಂದದ್ದನ್ನೇ ಮತ್ತೆ ಮತ್ತೆ ಹೂಡುತ್ತಾನಾದ್ದರಿಂದ, ಕೆಲವೇ ಸೆಕೆಂಡಿಗೊಂದು ಸುತ್ತು ಮುಗಿಯುವ ಈ ಆಟದಲ್ಲಿ ಕೈಯಲ್ಲಿದ್ದ ಹಣ ಕರಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅದರ ಮೇಲೆ, 10 ಹೂಡಿದವನಿಗೆ 4 ಮರಳಿದಾಗಲೂ ದೀಪ ಬೆಳಗಿ ಗೆಲುವಿನ ಸದ್ದು ಕೇಳಿಸುತ್ತದೆ. ಸೋಲನ್ನು ಗೆಲುವೆಂದು ತೋರಿಸುವ ಈ ವಿನ್ಯಾಸಕ್ಕೆ ಸರ್ಕಾರದ ಮುದ್ರೆ ಬೀಳುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 2010ರ ತನ್ನ ವರದಿಯಲ್ಲಿ, ಇಂಥ ಯಂತ್ರಗಳ ಮೇಲಿನ ಒಟ್ಟು ವೆಚ್ಚದಲ್ಲಿ ಸುಮಾರು ಶೇಕಡಾ 40ರಷ್ಟು ಜೂಜಿನ ತೀವ್ರ ಸಮಸ್ಯೆಯುಳ್ಳವರಿಂದಲೇ ಬರುತ್ತದೆ ಎಂದು ಅಂದಾಜಿಸಿತು. ಹಾಗಿದ್ದಲ್ಲಿ ಯಂತ್ರದ ತೆರಿಗೆಯೆಂದು ಬೊಕ್ಕಸ ಸೇರುವ ಹಣದಲ್ಲಿ ದೊಡ್ಡ ಪಾಲು ಚಟಕ್ಕೆ ಬಿದ್ದವರದ್ದು, ಮತ್ತು ಆ ಆದಾಯಕ್ಕೆ ಒಗ್ಗಿದ ಸರ್ಕಾರ ಅದನ್ನು ತಾನಾಗಿ ಬಿಡುವುದು ಕಷ್ಟ. ಬ್ರಿಟನ್ನಿನ ಮಿತಿಯನ್ನು ಜಾರಿಗೆ ತರಲು ತಡಮಾಡಿದ್ದನ್ನು ಪ್ರತಿಭಟಿಸಿ ಸಚಿವೆ ಟ್ರೇಸಿ ಕ್ರೌಚ್ 2018ರ ನವೆಂಬರ್‌ನಲ್ಲಿ ರಾಜೀನಾಮೆಯನ್ನೇ ಕೊಡಬೇಕಾಯಿತು. ಪರೀಕ್ಷಕರ ಮೇಲಿನ ನಂಬಿಕೆಯೂ ಅಷ್ಟಕ್ಕಷ್ಟೇ: 1990ರ ದಶಕದಲ್ಲಿ ನೆವಾಡಾ ಮಂಡಳಿಯ ತಂತ್ರಜ್ಞನೊಬ್ಬನೇ ಯಂತ್ರಗಳ ತಂತ್ರಾಂಶವನ್ನು ತಿದ್ದಿ ಹಣ ಹೊಡೆದು ಸಿಕ್ಕಿಬಿದ್ದ.

ತೆಗೆದುಹಾಕುವುದು ಅಸಾಧ್ಯ ಎನ್ನುವವರು ನಾರ್ವೆಯನ್ನು ಗಮನಿಸಬೇಕು. ಆ ದೇಶ 2007ರ ಜುಲೈ ವೇಳೆಗೆ ಖಾಸಗಿಯವರ ಜೂಜಿನ ಯಂತ್ರಗಳನ್ನು ಪೂರ್ತಿಯಾಗಿ ತೆಗೆಸಿತು. ಅನಂತರ ಬಂದ ಯಂತ್ರಗಳನ್ನು ನಡೆಸುವುದು ಸರ್ಕಾರಿ ಸಂಸ್ಥೆ. ಆಟಗಾರನ ಗುರುತಿನ ಕಾರ್ಡಿಲ್ಲದೆ ಅವು ಓಡುವುದಿಲ್ಲ, ಒಬ್ಬರು ದಿನಕ್ಕೆ ಮತ್ತು ತಿಂಗಳಿಗೆ ಎಷ್ಟು ಕಳೆದುಕೊಳ್ಳಬಹುದೆಂಬ ಮಿತಿಯನ್ನು ದಾಟಲೂ ಅವು ಬಿಡುವುದಿಲ್ಲ.