ಉಪಗ್ರಹಕ್ಕೆ ಸದ್ದಿನ ಪರೀಕ್ಷೆ: ಲೆಕ್ಕ ಸಾಕೇ, ಕೋಣೆ ಬೇಕೇ?

ರಾಕೆಟ್ ಮೇಲೇಳುವಾಗ ಎಂಜಿನ್ನಿನ ಅಬ್ಬರ ಹೀಟ್ ಶೀಲ್ಡ್‌ಗೆ, ಅಂದರೆ ರಾಕೆಟ್ಟಿನ ತುದಿಯಲ್ಲಿ ಉಪಗ್ರಹವನ್ನು ಮುಚ್ಚಿರುವ ಕವಚಕ್ಕೆ, ಬಡಿಯುತ್ತದೆ. 2023ರಲ್ಲಿ ಕೊನೆಯ ಬಾರಿ ಹಾರಿದ ಏರಿಯಾನ್ 5, ಈಗಿನ ಫಾಲ್ಕನ್ 9ರಂಥ ರಾಕೆಟ್‌ಗಳಲ್ಲಿ ಈ ಕವಚವೆಂದರೆ ಎರಡು ಕಾರ್ಬನ್ ಫೈಬರ್ ಹಾಳೆ, ನಡುವೆ ಅಂಟಿಸಿದ ಅಲ್ಯೂಮಿನಿಯಂ ಜೇನುಗೂಡು. ಕವಚ ಅದುರಿ ಒಳಗಿನ ಗಾಳಿಯನ್ನು ಅದುರಿಸುತ್ತದೆ, ಗಾಳಿ ಉಪಗ್ರಹವನ್ನು. ಉಪಗ್ರಹ ಇದನ್ನು ತಾಳೀತೇ ಎಂದು ತಿಳಿಯಲು ಭಾರಿ ಸದ್ದಿನ ಕೋಣೆಯಲ್ಲಿಟ್ಟು ಪರೀಕ್ಷಿಸುವುದು ರೂಢಿ. ಬೆಂಗಳೂರಿನ ಎನ್‌ಎಎಲ್‌ನಲ್ಲಿ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) 1,100 ಘನ ಮೀಟರಿನ ಇಂಥದೊಂದು ಕೋಣೆಯಿದೆ. ಫಲಕದ ಕಂಪನವನ್ನೂ ಗಾಳಿಯ ಕಂಪನವನ್ನೂ ಜೋಡಿಸಿ ಒಟ್ಟಿಗೇ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಇಷ್ಟು ಬೆಳೆದ ಮೇಲೂ ಆ ಪರೀಕ್ಷೆ ಬೇಕೇ?

ಪರ: ಲೆಕ್ಕವೇ ಸಾಕು

ಕೋಣೆಯಲ್ಲಿ ನಡೆಯುವುದು ಉಡಾವಣೆಯ ತದ್ರೂಪವಲ್ಲ. ಅಲ್ಲಿ ಸದ್ದು ಎಲ್ಲ ದಿಕ್ಕಿನಿಂದ ಹೆಚ್ಚುಕಡಿಮೆ ಸಮನಾಗಿ ಬಡಿಯಬೇಕು ಎಂಬುದೇ ಉದ್ದೇಶ. ಕವಚದೊಳಗೆ ಹಾಗಿರುವುದಿಲ್ಲ. 5 ಮೀಟರ್ ವ್ಯಾಸದ ಖಾಲಿ ಕವಚದಲ್ಲಿ ಗಾಳಿ ಅಡ್ಡಡ್ಡ ತೂಗುವ ಮೊದಲ ಅನುರಣನೆ (ತನ್ನ ಸಹಜ ಲಯಕ್ಕೆ ತಾಳೆಯಾದ ಸದ್ದಿಗೆ ಜೋರಾಗಿ ತೂಗುವುದು) ಸುಮಾರು 40 ಹರ್ಟ್ಸ್‌ನಲ್ಲಿ ಬರುತ್ತದೆ. ಕವಚದ ಸ್ವಂತ ಕಂಪನವೂ ಅದೇ ಆಸುಪಾಸಿನಲ್ಲಿ ಬಿದ್ದರೆ ಹೊರಗಿನ ಸದ್ದು ಸಲೀಸಾಗಿ ಒಳನುಗ್ಗುತ್ತದೆ. ಉಪಗ್ರಹಕ್ಕೂ ಕವಚಕ್ಕೂ ನಡುವಿನ ಸಂದು ಕಿರಿದಾದ ಕಡೆ ಸದ್ದಿನ ಒತ್ತಡ ಏರುತ್ತದೆ. ವಿಶಾಲ ಕೋಣೆಯಲ್ಲಿ ಆ ಸಂದೇ ಇಲ್ಲ, ಮಾದರಿಯಲ್ಲಿ ಇದೆ.

ಮಡಚಿಟ್ಟ ಸೌರಫಲಕಗಳನ್ನು ನೋಡಿ. ಒಂದರ ಮೇಲೊಂದು ಹಗುರ ಫಲಕ, ನಡುವೆ ತೆಳು ಗಾಳಿಪದರ. ಫಲಕ ಅದುರಬೇಕಾದರೆ ಈ ಗಾಳಿಯನ್ನೂ ತಳ್ಳಬೇಕು, ಹಾಗಾಗಿ ಅದರ ಸಹಜ ಆವೃತ್ತಿ ಇಳಿಯುತ್ತದೆ. ಸಂದಿನಿಂದ ಹಿಂಡಿಸಿಕೊಂಡು ಹೊರಬರುವ ಗಾಳಿ ಕಂಪನವನ್ನು ತಗ್ಗಿಸುತ್ತದೆ. ಇದನ್ನೆಲ್ಲ ಜೋಡಿ ಸಮೀಕರಣಗಳು ವಿನ್ಯಾಸದ ಹಂತದಲ್ಲೇ ತೋರಿಸಿಕೊಡುತ್ತವೆ. ನಾರಿನ ಪದರದ ಕೋನವನ್ನು 45 ಡಿಗ್ರಿಯಿಂದ 30ಕ್ಕೆ ತಿರುಗಿಸಿದರೆ ಏನಾದೀತೆಂದು ಆಗಲೇ ನೋಡಬಹುದು. ಪರೀಕ್ಷೆಯಾದರೋ ಉಪಗ್ರಹ ಕಟ್ಟಿ ಮುಗಿದ ಮೇಲೆ ಬರುತ್ತದೆ. ಆಗ ತಪ್ಪು ಸಿಕ್ಕರೆ ಎಲ್ಲವನ್ನೂ ಬಿಚ್ಚಬೇಕು. ಸಿಗದಿದ್ದರೂ, ಹಾರಬೇಕಾದ ಯಂತ್ರವೇ ನೆಲದ ಮೇಲೆ ಒಂದಿಷ್ಟು ದಣಿದಿರುತ್ತದೆ.

ವಿರೋಧ: ಕೋಣೆ ಬೇಕೇ ಬೇಕು

ಮಾದರಿಯೊಳಗೆ ಒಂದು ಸಂಖ್ಯೆ ಇದೆ, ಅದನ್ನು ಮಾದರಿ ಹೇಳುವುದಿಲ್ಲ, ನಾವೇ ಕೊಡಬೇಕು: ಡ್ಯಾಂಪಿಂಗ್. ಅಂಟು, ಬೋಲ್ಟು, ಕೇಬಲ್ಲಿನ ಕಟ್ಟು, ಎಲ್ಲವೂ ಒಂದಿಷ್ಟು ಶಕ್ತಿ ನುಂಗುತ್ತವೆ. ಎಷ್ಟು ಎಂಬುದು ಅಳೆದೇ ತಿಳಿಯಬೇಕಾದ ಸಂಗತಿ. 1 ಶೇಕಡಾ ಎಂದು ಕೊಟ್ಟಲ್ಲಿ 2 ಶೇಕಡಾ ಇದ್ದರೆ ಅನುರಣನೆಯ ಶಿಖರ ಅರ್ಧಕ್ಕಿಳಿಯುತ್ತದೆ. ಇಂಥ ಊಹೆಯ ಮೇಲೆ ನಿಂತ ಉತ್ತರಕ್ಕೆ ಎಷ್ಟು ದಶಮಾಂಶ ಸ್ಥಾನವಿದ್ದರೇನು?

ಆವೃತ್ತಿ ಏರಿದಂತೆ ಇನ್ನೊಂದು ತೊಡಕು. ಇಡೀ ರಚನೆಯನ್ನು ಸಣ್ಣ ತುಣುಕುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಒಂದು ತರಂಗದುದ್ದಕ್ಕೆ ಕಡಿಮೆಯೆಂದರೂ ಆರು ತುಣುಕು ಬೇಕೆನ್ನುತ್ತಾರೆ. 1,000 ಹರ್ಟ್ಸ್‌ನಲ್ಲಿ ಗಾಳಿಯ ತರಂಗ ಬರೀ 34 ಸೆಂಟಿಮೀಟರ್, ಹಾಗಾಗಿ ತುಣುಕುಗಳ ಸಂಖ್ಯೆ ವಿಪರೀತ ಬೆಳೆಯುತ್ತದೆ. ಮೇಲಾಗಿ ಆ ಮಟ್ಟದಲ್ಲಿ ಪದರದ ದಪ್ಪದಲ್ಲಿನ ಸಣ್ಣ ವ್ಯತ್ಯಾಸವೂ ಅನುರಣನೆಗಳನ್ನು ಆಚೀಚೆ ಸರಿಸುತ್ತದೆ. ಆದ್ದರಿಂದಲೇ ಅಲ್ಲಿ ಸ್ಟ್ಯಾಟಿಸ್ಟಿಕಲ್ ಎನರ್ಜಿ ಅನಾಲಿಸಿಸ್‌ಗೆ, ಅಂದರೆ ಒಂದೊಂದು ಭಾಗದಲ್ಲಿ ಒಟ್ಟು ಎಷ್ಟು ಕಂಪನಶಕ್ತಿಯಿದೆ ಎಂದು ಲೆಕ್ಕ ಹಾಕುವ ವಿಧಾನಕ್ಕೆ, ಮೊರೆಹೋಗುವುದು. ಅದು ಕೊಡುವುದು ಸರಾಸರಿ. ಯಾವ ಸರ್ಕ್ಯೂಟಿನ ಯಾವ ಬೆಸುಗೆ ಬಿಟ್ಟೀತು ಎಂಬುದು ಸರಾಸರಿಯಲ್ಲಿ ಕಾಣುವುದಿಲ್ಲ.

ಎಲ್ಲಕ್ಕಿಂತ ನನಗೆ ಭಯವಿರುವುದು ಅಂಟಿನ ಬಗ್ಗೆ. ಮಾದರಿಯಲ್ಲಿ ಉಪಗ್ರಹದ ಫಲಕಗಳ ಹಾಳೆ ಮತ್ತು ಜೇನುಗೂಡು ಸಾಮಾನ್ಯವಾಗಿ ಪೂರ್ತಿ ಕಚ್ಚಿಕೊಂಡಿರುತ್ತವೆ. ಕಾರ್ಖಾನೆಯಲ್ಲಿ ಅಂಗೈಯಗಲ ಜಾಗದಲ್ಲಿ ಅಂಟು ಹಿಡಿಯದೆ ಹೋಗಬಹುದು. ನಾಣ್ಯದಿಂದ ತಟ್ಟಿದರೆ ಆ ಜಾಗ ಬೊದ್ದು ಸದ್ದು ಮಾಡುತ್ತದೆ. ಮಾದರಿ ಬರೆದವರಿಗೆ ಆ ಜಾಗದ ಸುಳಿವೇ ಇರುವುದಿಲ್ಲ. ಕೋಣೆಯಲ್ಲಿ ಮೊದಲು ತಗ್ಗಿದ ಸದ್ದು, ಬಳಿಕ ಪೂರ್ಣ ಸದ್ದು, ಮತ್ತೆ ತಗ್ಗಿದ ಸದ್ದು ಕೊಟ್ಟು, ಕಂಪನದ ಮೊದಲ ಮತ್ತು ಕೊನೆಯ ಗ್ರಾಫ್‌ಗಳನ್ನು ಒಂದರ ಮೇಲೊಂದಿಟ್ಟು ನೋಡುತ್ತಾರೆ. ಶಿಖರ ಸರಿದಿದ್ದರೆ ಎಲ್ಲೋ ಏನೋ ಸಡಿಲವಾಗಿದೆ ಎಂದರ್ಥ. ಬರೀ ಲೆಕ್ಕವನ್ನೇ ನಂಬಿದರೆ ಹೀಗೆ ಹೋಲಿಸಲು ಎರಡನೇ ಗ್ರಾಫೇ ಇರುವುದಿಲ್ಲ.