ಒಟಿಪಿ ಬಂತೇ ಭಟ್ಟರೇ?

ಪ್ರತಿ ತಿಂಗಳ 20ನೇ ತಾರೀಖು ಕಾಸರಗೋಡಿನ ಬದಿಯಡ್ಕದ ನಮ್ಮ ತೆರಿಗೆ ಲೆಕ್ಕದ ಕಚೇರಿಯಲ್ಲಿ ಒಂದು ಭಜನೆ ನಡೆಯುತ್ತದೆ. 'ಒಟಿಪಿ ಬಂತೇ ಭಟ್ಟರೇ?' ಎಂಬುದು ಪಲ್ಲವಿ. 'ಎಂತದು?' ಎಂಬುದು ಅನುಪಲ್ಲವಿ. ಭಟ್ಟರಿಗೆ ಪೇಟೆಯಲ್ಲಿ ಅಡಕೆ ಅಂಗಡಿ, ಗುಡ್ಡದಾಚೆ ತೋಟ. ಜಿಎಸ್‌ಟಿ ವಿವರ ಸಲ್ಲಿಸುವ ಕೊನೆಯ ದಿನ ಅವರು ತಪ್ಪದೆ ತೋಟದಲ್ಲಿಯೇ ಇರುತ್ತಾರೆ. ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಅಡಕೆ ಮರದ ತುದಿಯಲ್ಲಿ ಮಾತ್ರ. ಆದ್ದರಿಂದ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಹತ್ತಿದವನ ಕಿಸೆಗೆ ಭಟ್ಟರ ಮೊಬೈಲೂ ಏರುತ್ತದೆ. ಸಂದೇಶ ಬಂದ ಕೂಡಲೇ ಅವನು ಮೇಲಿನಿಂದ ಆರು ಅಂಕಿಗಳನ್ನು ಕೂಗುತ್ತಾನೆ. ಭಟ್ಟರು ಮನೆಗೆ ಓಡಿ ಸ್ಥಿರ ದೂರವಾಣಿಯಲ್ಲಿ ನನಗೆ ಒಪ್ಪಿಸುತ್ತಾರೆ. ಅಷ್ಟರಲ್ಲಿ ಸುತ್ತಲಿನ ಮೂರು ತೋಟದವರಿಗೂ ಆ ಸಂಖ್ಯೆ ಬಾಯಿಪಾಠವಾಗಿರುತ್ತದೆ. ಸಂದೇಶದ ಕೊನೆಯ ಸಾಲು ಇಂಗ್ಲಿಷಿನಲ್ಲಿದೆ: ಇದನ್ನು ಯಾರಿಗೂ ಹೇಳಬೇಡಿ.

ನಾನು ಲೆಕ್ಕ ಬರೆಯಲು ಕಲಿತವನು. ಈಗ ಲೆಕ್ಕ ಬರೆಯುವುದಿಲ್ಲ. ಅದನ್ನು ಯಂತ್ರವೇ ಬರೆಯುತ್ತದೆ. ಬ್ಯಾಂಕಿನ ಜಮೆ ಖರ್ಚು ತಾವಾಗಿ ಬಂದು ಖಾತೆಯಲ್ಲಿ ಕುಳಿತುಕೊಳ್ಳುತ್ತವೆ. ಮಾರಿದವನು ಹಾಕಿದ ಬಿಲ್ಲು ಕೊಂಡವನ ಪಟ್ಟಿಯಲ್ಲಿ ಹೇಳದೆ ಕೇಳದೆ ಪ್ರತ್ಯಕ್ಷವಾಗುತ್ತದೆ. ಬಿಲ್ಲನ್ನು ಸರಕಾರದ ಜಾಲತಾಣದಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಎಂಬುದು 2020ರ ಅಕ್ಟೋಬರಿನಲ್ಲಿ 500 ಕೋಟಿ ವಹಿವಾಟು ದಾಟಿದ ದೊಡ್ಡವರಿಗೆಂದು ಹೊರಟಾಗ ನಾವು ನಕ್ಕಿದ್ದೆವು. 2023ರ ಆಗಸ್ಟಿನಲ್ಲಿ ಅದು 5 ಕೋಟಿಗೆ ಇಳಿದು ನಮ್ಮ ಪೇಟೆಯ ಹೊಸ್ತಿಲಲ್ಲಿ ಚಪ್ಪಲಿ ಕಳಚಿತು. ದೇಶದ ಲೆಕ್ಕಪರಿಶೋಧಕರ ಸಂಸ್ಥೆ ಹುಟ್ಟಿದ್ದು 1949ರ ಜುಲೈ 1ರಂದು. ಜಿಎಸ್‌ಟಿ ಹುಟ್ಟಿದ್ದು 2017ರ ಜುಲೈ 1ರಂದು. ಹುಟ್ಟುಹಬ್ಬಕ್ಕೆ ಇಂಥ ಉಡುಗೊರೆ ಯಾವ ಶತ್ರುವಿಗೂ ಬೇಡ.

ಹಾಗಾದರೆ ನನಗೆ ಉಳಿದ ಕೆಲಸವೇನು? ಭಟ್ಟರು ಭಟ್ಟರೇ ಹೌದು ಎಂದು ಯಂತ್ರಕ್ಕೆ ಸಾಕ್ಷಿ ಹೇಳುವುದು. ಇದು ಕಾಸರಗೋಡಿನಲ್ಲಿ ಸುಲಭವಲ್ಲ. ಒಂದು ದಾಖಲೆಯಲ್ಲಿ ಕೃಷ್ಣ, ಮಲಯಾಳದ ಹಾದಿಯಲ್ಲಿ ಬಂದ ಇನ್ನೊಂದರಲ್ಲಿ ಕೃಷ್ಣನ್. ಒಂದರಲ್ಲಿ ಮಂಜೇಶ್ವರ, ಮತ್ತೊಂದರಲ್ಲಿ ಮಂಜೇಶ್ವರಂ. ಮನುಷ್ಯ ಗುಮಾಸ್ತನಾಗಿದ್ದರೆ ಒಂದು ಅನುಸ್ವಾರವನ್ನು ಒಂದು ಚಹಾದಲ್ಲಿ ಕರಗಿಸಬಹುದಿತ್ತು. ಯಂತ್ರ ಚಹಾ ಕುಡಿಯುವುದಿಲ್ಲ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದ್ದು ಗೊತ್ತಿತ್ತು, ನಮ್ಮ ಹೆಸರಿನ ಬಾಲಕ್ಕೂ ಗಡಿಕಲ್ಲು ನೆಟ್ಟಿದ್ದಾರೆಂದು ತಿಳಿದದ್ದು ಈ ಯಂತ್ರ ಬಂದ ಮೇಲೆ. ಭಟ್ಟರ ಅಡಕೆ ಹೋಗುವುದು ಮಂಗಳೂರಿಗೆ, ಮಗಳನ್ನು ಕೊಟ್ಟದ್ದು ಪುತ್ತೂರಿಗೆ. ಜಿಎಸ್‌ಟಿ ಸಂಖ್ಯೆ ಮಾತ್ರ ಕೇರಳದ 32ರಿಂದ ಆರಂಭವಾಗುತ್ತದೆ, ಗಡಿಯ ತಲಪಾಡಿ ದಾಟಿದರೆ ಕರ್ನಾಟಕದ 29. 50,000 ರೂಪಾಯಿ ಮೀರಿದ ಮಾಲು ಅಲ್ಲಿಗೆ ಹೊರಟರೆ ಇ-ವೇ ಬಿಲ್ಲು ಎಂಬ ಸಾಗಣೆ ಚೀಟಿ ಬೇಕು. 2025ರ ಏಪ್ರಿಲ್ 1ರಿಂದ ಅದನ್ನು ಪಡೆಯುವ ಜಾಲತಾಣದೊಳಗೆ ಕಾಲಿಡಲು ಸಣ್ಣವರಿಗೂ ಒಟಿಪಿ ಬೇಕು. ಮತ್ತೆ ಮರ ಹತ್ತಿ.

ಭದ್ರತೆ ನಮಗೆ ಹೊಸತೆಂದು ಯಾರೂ ತಿಳಿಯಬೇಕಾಗಿಲ್ಲ. ನನಗೆ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯಲು ಕಲಿಸಿದ ಹಿರಿಯರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂದು ವಾರ ಕಳೆದರೆ ಅವರಿಗೇ ಓದಲು ಬರುತ್ತಿರಲಿಲ್ಲ. ಇಂದು ಇದನ್ನು ಎನ್‌ಕ್ರಿಪ್ಶನ್ ಎನ್ನುತ್ತಾರೆ, ಸಂಬಳವೂ ಹೆಚ್ಚಂತೆ. ಕೆಂಪು ಬಟ್ಟೆಯ ಪುಸ್ತಕ ಮರದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಯಜಮಾನರ ಉಡಿದಾರದಲ್ಲಿ. ಉಡಿದಾರವನ್ನು ದೂರದ ದೇಶದಲ್ಲಿ ಕುಳಿತು ಬಿಚ್ಚಿದವನನ್ನು ನಾನು ಕಂಡಿಲ್ಲ. ತಪ್ಪಾದರೆ ಬ್ಲೇಡಿನಿಂದ ಹಗುರಾಗಿ ಹೆರೆದು ತಿದ್ದುವ ಕಲೆಯೊಂದಿತ್ತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಯಾವ ನಮೂದು ತಿದ್ದಿದರೂ ಅದರ ಜಾಡು ಅಳಿಯದೆ ಉಳಿಯಬೇಕೆಂಬ ನಿಯಮ ಬಂದು ಆ ಕಲಾವಿದರೆಲ್ಲ ನಿರುದ್ಯೋಗಿಗಳಾದರು. ಇದೊಂದು ಒಳ್ಳೆಯದೇ ಆಯಿತೆಂದು ಒಪ್ಪುತ್ತೇನೆ, ಸ್ವಲ್ಪ ಬೇಸರದಿಂದ.

ನಮ್ಮ ಕಚೇರಿಯಲ್ಲಿ ಎಂ.ಕಾಂ. ಓದಿದ ಹುಡುಗಿಯೊಬ್ಬಳಿದ್ದಾಳೆ. ಮೂರು ತಂತ್ರಾಂಶಗಳ ಪ್ರಮಾಣಪತ್ರ ಇದೆ. ಅವಳ ಮುಖ್ಯ ಕೆಲಸ ಗ್ರಾಹಕರ ಪಾಸ್‌ವರ್ಡ್ ಪುಸ್ತಕ ಕಾಯುವುದು. ಕಳ್ಳರ ಕಣ್ಣು ತಪ್ಪಿಸಲು ಅದರ ಮೇಲೆ 'ಹಾಲಿನ ಲೆಕ್ಕ' ಎಂದು ಬರೆದಿದ್ದೇವೆ. ಒಳಗಿನ ಎಲ್ಲ ಪಾಸ್‌ವರ್ಡುಗಳೂ ಒಂದೇ ಗೋತ್ರ: ಮನೆಯ ಹೆಸರು, ಒಂದು @, ಆಮೇಲೆ 123. ಬದಲಿಸಿ ಎಂದು ಜಾಲತಾಣ ಗದರಿದಾಗ 124. ಭಟ್ಟರದು ಈಗ 131ಕ್ಕೆ ತಲುಪಿದೆ. ಕಳೆದ ತಿಂಗಳು ಹಾಲಿನವನು ಬಂದು ಬಾಕಿ ನೋಡಲೆಂದು ಆ ಪುಸ್ತಕವನ್ನೇ ಮನೆಗೆ ಒಯ್ದಿದ್ದ.

ಇಷ್ಟಾದ ಮೇಲೆ ತರಬೇತಿಗೆ ಹೋಗದಿದ್ದರೆ ಹೇಗೆ? ಪೇಟೆಯ ಸಭಾಂಗಣವೊಂದರಲ್ಲಿ 'ಯಾಂತ್ರೀಕರಣದ ಯುಗದಲ್ಲಿ ಲೆಕ್ಕಿಗ ಮತ್ತು ದತ್ತಾಂಶ ಭದ್ರತೆ' ಎಂಬ ಶಿಬಿರ ಏರ್ಪಟ್ಟಿತು. ಬಾಗಿಲಲ್ಲಿ ಹಾಜರಿ ಪಟ್ಟಿ: ಹೆಸರು, ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ, ಜನ್ಮದಿನಾಂಕ, ಮೊಬೈಲ್, ಸಹಿ. ಜಾತಕ ಮಾತ್ರ ಕೇಳಲಿಲ್ಲ. ಪಟ್ಟಿ ಕೈಯಿಂದ ಕೈಗೆ ದಾಟಿ, ಕೊನೆಗೆ ಉಪ್ಪಿಟ್ಟಿನ ತಟ್ಟೆಯ ಕೆಳಗೆ ಆಸರೆಯಾಗಿ ನಿಂತಿತು. ಸ್ವಯಂಸೇವಕನೊಬ್ಬ ಅದರ ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ, ಬಂದವರೆಷ್ಟು ಎಂದು ಎಲ್ಲರಿಗೂ ತಿಳಿಯಲೆಂದು.

ಉಪನ್ಯಾಸಕರು ಗಟ್ಟಿಗರು. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಕಾಯ್ದೆಯಾಗಿದೆ, ಕಾಪಾಡದೆ ಸೋರಿಸಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು ಎಂದರು. ಸಭೆ ಸ್ತಬ್ಧವಾಯಿತು. ಅಲ್ಲಿದ್ದವರೆಲ್ಲರ ತೋಟ, ಅಂಗಡಿ, ಹಟ್ಟಿಗೊಬ್ಬರ ಸೇರಿಸಿ ಮಾರಿದರೂ ಹುಟ್ಟುವ ಮೊತ್ತವಲ್ಲ ಅದು. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರದ ಸಂಸ್ಥೆಗೆ ತಿಳಿಸಬೇಕು ಎಂದರು. ಜೂನ್ ತಿಂಗಳಲ್ಲಿ ನಮ್ಮಲ್ಲಿ ವಿದ್ಯುತ್ ಹೋದರೆ ಬರುವುದಕ್ಕೇ ಆರು ಗಂಟೆ ಬೇಕು, ಗಮನಕ್ಕೆ ಬರುವುದು ಆಮೇಲಿನ ಮಾತು. ತಮ್ಮ ಉಪನ್ಯಾಸದ ಸ್ಲೈಡುಗಳನ್ನು ತೋರಿಸಲು ಅವರು ಸಭಾಂಗಣದ ಕಂಪ್ಯೂಟರಿನಲ್ಲಿ ತಮ್ಮ ಇ-ಮೇಲ್ ತೆರೆದರು. 'ಪಾಸ್‌ವರ್ಡ್ ಉಳಿಸಿಕೊಳ್ಳಲೇ?' ಎಂದು ಯಂತ್ರ ವಿನಯದಿಂದ ಕೇಳಿತು. ಸ್ವಯಂಸೇವಕ ಅಷ್ಟೇ ವಿನಯದಿಂದ ಹೌದೆಂದು ಒತ್ತಿದ.

ಎರಡು ದಿನ ಬಿಟ್ಟು ನನಗೊಂದು ಕರೆ ಬಂತು. ಅಪ್ಪಟ ಕನ್ನಡ, ಒತ್ತಕ್ಷರಗಳೆಲ್ಲ ಸ್ವಚ್ಛ. ಅರ್ಥವಾಗದ ಭಾಷೆಯಲ್ಲಿ ಬರುವ ನೋಟಿಸುಗಳನ್ನು ಕನ್ನಡದಲ್ಲಿ ಕೊಡಿ ಎಂದು ಮನವಿ ಬರೆದು ಬರೆದು ನಮ್ಮ ಕೈ ಸೋತಿದೆ. ಇಲ್ಲಿ ಕೇಳದೆಯೇ ಒಬ್ಬರು ಭಾಷಾ ಅಲ್ಪಸಂಖ್ಯಾತರ ಹಕ್ಕನ್ನು ಎತ್ತಿಹಿಡಿಯುತ್ತಿದ್ದಾರೆ. 'ಭದ್ರತಾ ತರಬೇತಿಯ ಪ್ರಮಾಣಪತ್ರ ಸಿದ್ಧವಾಗಿದೆ ಸರ್. ನಿಮ್ಮ ಆಧಾರ್, ಜನ್ಮದಿನಾಂಕ ನಮ್ಮಲ್ಲಿದೆ, ತೊಂದರೆಯಿಲ್ಲ. ಈಗ ಒಂದು ಒಟಿಪಿ ಬರುತ್ತದೆ, ಅದನ್ನಷ್ಟು ಹೇಳಿದರೆ ಆಯಿತು.'

ಅಷ್ಟು ಚೆಂದದ ಕನ್ನಡಕ್ಕೆ ನಾಲ್ಕು ಅಂಕಿಗಳಾದರೂ ಕೊಡೋಣವೆನಿಸಿತು. ಕಷ್ಟಪಟ್ಟು ತಡೆದುಕೊಂಡೆ.

'ಮೊಬೈಲ್ ಮರದ ಮೇಲಿದೆ' ಎಂದೆ.

'ಇಳಿಯಲು ಎಷ್ಟು ಹೊತ್ತಾಗುತ್ತದೆ ಸರ್?' ಎಂದು ಅವನು ಕೇಳಿದ, ನಾನು ತಿಂಗಳಿಗೊಮ್ಮೆ ಭಟ್ಟರನ್ನು ಕೇಳುವ ಅದೇ ದೈನ್ಯದ ದನಿಯಲ್ಲಿ.